ಒಂದು ಮೈಕ್ರಾನ್ ಎಲ್ಲಿ ಕಳೆದುಹೋಗುತ್ತದೆ? ಸಿಎನ್‌ಸಿ ಯಂತ್ರದ ಲೆಕ್ಕವನ್ನೂ ಚಲನೆಯನ್ನೂ ಪರೀಕ್ಷಿಸುವ ಬಗೆ

ಸಿಎನ್‌ಸಿ ಯಂತ್ರದ, ಅಂದರೆ ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ, ಮರ ಕೊರೆಯುವ ಯಂತ್ರದ, ಪರದೆಯ ಮೇಲೆ ಎಕ್ಸ್ ಅಕ್ಷದ ಸ್ಥಾನ 125.437 ಎಂದು ಕಾಣಿಸುತ್ತಿದ್ದರೆ, ಟೇಬಲ್ ಕೂಡ ಸರಿಯಾಗಿ ಅಲ್ಲಿಯೇ ನಿಂತಿದೆ ಎಂದು ನಾವು ನಂಬಿಬಿಡುತ್ತೇವೆ. ಪ್ರತಿ ವಿದ್ಯುತ್ ಪಲ್ಸ್‌ಗೆ ಒಂದು ಹೆಜ್ಜೆ ತಿರುಗುವ ಸ್ಟೆಪ್ಪರ್ ಮೋಟರಿನ ಸಣ್ಣ ಯಂತ್ರದಲ್ಲಿ ಆ ಅಂಕಿ ಕಂಟ್ರೋಲರ್ ತಾನು ಕಳುಹಿಸಿದ ಪಲ್ಸ್‌ಗಳನ್ನು ಎಣಿಸಿ ಹೇಳಿದ ಮಾತು; ಸರ್ವೋ ಯಂತ್ರದಲ್ಲಿ, ಟೇಬಲ್ಲಿನ ಸ್ಥಾನವನ್ನೇ ಅಳೆಯುವ ಲೀನಿಯರ್ ಸ್ಕೇಲ್ ಇಲ್ಲದಿದ್ದರೆ, ಮೋಟರಿನ ಹಿಂಬದಿಯ ಎನ್‌ಕೋಡರ್ ಎಷ್ಟು ತಿರುಗಿತು ಎಂಬುದರ ವರದಿ. ಟೇಬಲ್ಲನ್ನು ಯಾರೂ ಕೇಳಿರುವುದಿಲ್ಲ. ಡ್ರಾಯಿಂಗಿನಲ್ಲಿರುವ ಅಳತೆ ಪ್ರೋಗ್ರಾಮಿಗೆ, ಪ್ರೋಗ್ರಾಮಿನಿಂದ ಕಂಟ್ರೋಲರಿನ ಸ್ಮೃತಿಗೆ, ಅಲ್ಲಿಂದ ಪಲ್ಸ್‌ಗಳಿಗೆ, ಮೋಟರಿಗೆ, ಸ್ಕ್ರೂಗೆ, ಕೊನೆಗೆ ಟೇಬಲ್ಲಿಗೆ ತಲುಪುವಷ್ಟರಲ್ಲಿ ದಾರಿಯ ಒಂದೊಂದು ಕಟ್ಟೆಯಲ್ಲೂ ಒಂದಿಷ್ಟು ಸುಂಕ ಕಟ್ಟಿರುತ್ತದೆ. ಆ ಸುಂಕ ಎಲ್ಲಿ ಎಷ್ಟು ಎಂಬುದನ್ನು ಕಾಗದ, ಕ್ಯಾಲ್ಕುಲೇಟರ್ ಮತ್ತು ಒಂದು ಡಯಲ್ ಗೇಜ್ ಇಟ್ಟುಕೊಂಡು ಪತ್ತೆಹಚ್ಚುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಉದಾಹರಣೆಗಳಿಗಾಗಿ ಎರಡು ಬಗೆಯ ಯಂತ್ರಗಳನ್ನು ತೆಗೆದುಕೊಂಡಿದ್ದೇನೆ: ಆರ್ಡುಯಿನೋ ಬೋರ್ಡಿನ ಮೇಲೆ ಜಿಆರ್‌ಬಿಎಲ್ ತಂತ್ರಾಂಶ ಓಡಿಸುವ ಸಣ್ಣ ರೌಟರ್, ಮತ್ತು ಪೀಣ್ಯದಂತಹ ಕೈಗಾರಿಕಾ ಪ್ರದೇಶದ ಯಾವ ಶೆಡ್ಡಿನಲ್ಲಾದರೂ ಕಾಣಸಿಗುವ, ಫಾನುಕ್ ಕಂಟ್ರೋಲರ್ ಇರುವ ವಿಎಂಸಿ (ಸ್ಪಿಂಡಲ್ ನೆಟ್ಟಗೆ ನಿಂತ ಮಿಲ್ಲಿಂಗ್ ಯಂತ್ರ).

ಮೊದಲು ಮೂರು ಮಾತುಗಳನ್ನು ಬೇರ್ಪಡಿಸಿಕೊಳ್ಳಬೇಕು. ಯಂತ್ರಕ್ಕೆ ಕೊಡಬಹುದಾದ ಅತಿ ಸಣ್ಣ ಚಲನೆಯ ಅಳತೆ ರೆಸಲ್ಯೂಷನ್; ಹೇಳಿದ ಜಾಗಕ್ಕೂ ತಲುಪಿದ ಜಾಗಕ್ಕೂ ಇರುವ ಅಂತರ ಕಡಿಮೆಯಿದ್ದಷ್ಟೂ ಅಕ್ಯುರಸಿ ಹೆಚ್ಚು; ಅದೇ ಜಾಗಕ್ಕೆ ಹತ್ತು ಸಲ ಹೋದಾಗ ಹತ್ತೂ ಸಲ ಒಂದೇ ಕಡೆ ನಿಲ್ಲುವ ಗುಣ ರಿಪೀಟಬಿಲಿಟಿ. ಕೈಜಾರಿ ಕೆಳಗೆ ಬಿದ್ದು ದವಡೆ ಬಾಗಿದ ವರ್ನಿಯರನ್ನು ನೆನೆಸಿಕೊಳ್ಳಿ. ಅದರ ಲೀಸ್ಟ್ ಕೌಂಟ್ ಈಗಲೂ 0.02 ಮಿ.ಮೀ. ಆಗಿಯೇ ಇದೆ, ಒಂದೇ ಪಿನ್ನನ್ನು ಎಷ್ಟು ಸಲ ಅಳೆದರೂ ಒಂದೇ ಅಂಕಿಯನ್ನು ತೋರಿಸಬಹುದು, ಆದರೆ ಆ ಅಂಕಿ ಮಾತ್ರ ತಪ್ಪು. ಮಾರಾಟದ ಕರಪತ್ರಗಳಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗುವುದು ಸಾಮಾನ್ಯವಾಗಿ ಮೊದಲನೆಯದು. ಜಾಬ್ (ಯಂತ್ರದಲ್ಲಿ ಮಾಡಿದ ಭಾಗ) ತಿರಸ್ಕೃತವಾಗಿ ಮರಳುವುದು ಉಳಿದ ಎರಡರಿಂದ.

ಒಂದು ಹೆಜ್ಜೆಯ ಬೆಲೆ

ಮೊದಲ ಕೆಲಸ, ನಿಮ್ಮ ಯಂತ್ರದ ಒಂದು ಪಲ್ಸ್‌ಗೆ ಟೇಬಲ್ ಎಷ್ಟು ಸರಿಯಬೇಕು ಎಂಬುದನ್ನು ಲೆಕ್ಕ ಹಾಕುವುದು. ಸಾಮಾನ್ಯ ಸ್ಟೆಪ್ಪರ್ ಮೋಟರ್ ಒಂದು ಹೆಜ್ಜೆಗೆ 1.8 ಡಿಗ್ರಿ ತಿರುಗುತ್ತದೆ, ಅಂದರೆ ಒಂದು ಸುತ್ತಿಗೆ 200 ಹೆಜ್ಜೆ. ಮೋಟರಿಗೆ ವಿದ್ಯುತ್ ಕೊಡುವ ಡ್ರೈವಿನಲ್ಲಿ 8 ಮೈಕ್ರೋಸ್ಟೆಪ್ ಇಟ್ಟಿದ್ದರೆ, ಅಂದರೆ ಒಂದು ಹೆಜ್ಜೆಯನ್ನು ಎಂಟಾಗಿ ಒಡೆದಿದ್ದರೆ, ಸುತ್ತಿಗೆ 1600 ಪಲ್ಸ್. ಸ್ಕ್ರೂ ಒಂದು ಸುತ್ತಿಗೆ 5 ಮಿ.ಮೀ. ಮುಂದೆ ಹೋಗುವುದಾದರೆ ಒಂದು ಮಿ.ಮೀ.ಗೆ 320 ಪಲ್ಸ್, ಒಂದು ಪಲ್ಸ್‌ಗೆ 0.003125 ಮಿ.ಮೀ. ಜಿಆರ್‌ಬಿಎಲ್‌ನಲ್ಲಿ ಈ 320 ಎಂಬ ಸಂಖ್ಯೆಯನ್ನು ಎಕ್ಸ್ ಅಕ್ಷಕ್ಕೆ $100, ವೈ ಅಕ್ಷಕ್ಕೆ $101, ಝಡ್ ಅಕ್ಷಕ್ಕೆ $102 ಎಂಬ ಸೆಟ್ಟಿಂಗಿನಲ್ಲಿ ತುಂಬಬೇಕು. ಸ್ಕ್ರೂವಿನ ಪಿಚ್ (ಪಕ್ಕಪಕ್ಕದ ಎಳೆಗಳ ಅಂತರ) ಮತ್ತು ಲೀಡ್ (ಒಂದು ಸುತ್ತಿಗೆ ಸಾಗುವ ದೂರ) ಎರಡೂ ಒಂದೇ ಎಂದುಕೊಳ್ಳಬಾರದು. ಅಗ್ಗದ ಯಂತ್ರಗಳಲ್ಲಿ ಬರುವ 8 ಮಿ.ಮೀ. ವ್ಯಾಸದ ಲೀಡ್‌ಸ್ಕ್ರೂಗಳಲ್ಲಿ ಬಹುಪಾಲು ನಾಲ್ಕು ಎಳೆಯವು, ಅವುಗಳ ಪಿಚ್ 2 ಮಿ.ಮೀ. ಆಗಿದ್ದರೂ ಒಂದು ಸುತ್ತಿಗೆ ಸಾಗುವುದು 8 ಮಿ.ಮೀ.

ಭಾಗಲಬ್ಧ ಪೂರ್ಣಾಂಕವಾಗಿ ಬಾರದ ಕಡೆ ದುಡುಕಬಾರದು. ಇಂಚಿಗೆ 8 ಎಳೆಯ ಹಳೆಯ ಸ್ಕ್ರೂವಿನ ಲೀಡ್ 3.175 ಮಿ.ಮೀ. ಅದೇ 1600 ಪಲ್ಸ್‌ಗೆ ಲೆಕ್ಕ ಹಾಕಿದರೆ ಒಂದು ಮಿ.ಮೀ.ಗೆ 503.937 ಪಲ್ಸ್ ಬರುತ್ತದೆ. ಇದನ್ನು 504 ಎಂದು ಸರಿಹೊಂದಿಸಿ ತುಂಬಿದರೆ ತಪ್ಪು ನೂರಕ್ಕೆ 0.0125 ಮಾತ್ರ, ಕೇಳಲು ಏನೂ ಅಲ್ಲ. ಆದರೆ 300 ಮಿ.ಮೀ. ಚಲನೆಗೆ ಅದು 0.0375 ಮಿ.ಮೀ. ಆಗುತ್ತದೆ, ಆ ಯಂತ್ರದ ಸುಮಾರು ಹತ್ತೊಂಬತ್ತು ಹೆಜ್ಜೆ ಇದು. ದಶಮಾಂಶದ ಮೂರು ಸ್ಥಾನ ಬರೆಯಲು ಸೋಮಾರಿತನ ಪಟ್ಟಿದ್ದಕ್ಕೆ ತೆತ್ತ ಬೆಲೆ.

ಇಲ್ಲಿ ಅನೇಕರು ಮಾಡುವ ಇನ್ನೊಂದು ತಪ್ಪಿದೆ. ಲೆಕ್ಕದ ಅಂಕಿಯನ್ನು ಬಿಟ್ಟು, 50 ಮಿ.ಮೀ. ಚಲಿಸಿ ನೋಡಿ, ವರ್ನಿಯರಿನಲ್ಲಿ ಅಳೆದು, ಬಂದ ವ್ಯತ್ಯಾಸದ ಪ್ರಕಾರ ಪಲ್ಸ್ ಸಂಖ್ಯೆಯನ್ನು 'ಕ್ಯಾಲಿಬ್ರೇಟ್' ಮಾಡುತ್ತಾರೆ. 0.02 ಲೀಸ್ಟ್ ಕೌಂಟಿನ ವರ್ನಿಯರಿನಲ್ಲಿ ಒಂದು ಗೆರೆ ತಪ್ಪಿ ಓದಿದರೂ 50 ಮಿ.ಮೀ.ಗೆ 0.02, ಅಂದರೆ 500 ಮಿ.ಮೀ.ಗೆ 0.2 ಮಿ.ಮೀ. ತಪ್ಪನ್ನು ಯಂತ್ರಕ್ಕೆ ಶಾಶ್ವತವಾಗಿ ಕಲಿಸಿದಂತಾಯಿತು. ಬಾಲ್ ಸ್ಕ್ರೂಗಳಲ್ಲಿ ಸಾಧಾರಣ ದರ್ಜೆಯೆನಿಸಿದ ಸಿ7 ಕೂಡ 300 ಮಿ.ಮೀ. ಉದ್ದಕ್ಕೆ 0.05 ಮಿ.ಮೀ. ಒಳಗಿನ ತಪ್ಪನ್ನು ಮಾತ್ರ ಅನುಮತಿಸುತ್ತದೆ. ಸಿ5 ದರ್ಜೆಯಲ್ಲಿ ಅದು 0.018. ಆದ್ದರಿಂದ ಬಾಲ್ ಸ್ಕ್ರೂ ಇರುವ ಯಂತ್ರದಲ್ಲಿ ಸ್ಕ್ರೂ ತಯಾರಿಸಿದವರ ಲೀಡ್ ಅಂಕಿಯನ್ನು ನಂಬಿ ಲೆಕ್ಕದ ಸಂಖ್ಯೆಯನ್ನೇ ತುಂಬುವುದು ಲೇಸು. ಬೆಲ್ಟ್ ಇರುವ ಯಂತ್ರಕ್ಕೆ ಕ್ಯಾಲಿಬ್ರೇಷನ್ ಬೇಕಾಗಬಹುದು, ಆಗಲೂ ಸಾಧ್ಯವಾದಷ್ಟು ಉದ್ದದ ಚಲನೆಯನ್ನು, ವರ್ನಿಯರಿಗಿಂತ ಉತ್ತಮ ಉಪಕರಣದಿಂದ ಅಳೆಯಬೇಕು.

ಮೈಕ್ರೋಸ್ಟೆಪ್ ಹೆಚ್ಚಿಸಿದರೆ ರೆಸಲ್ಯೂಷನ್ ತಾನಾಗಿ ಹೆಚ್ಚುತ್ತದಲ್ಲ ಎಂಬ ಪ್ರಶ್ನೆ ಸಹಜ. ಕಾಗದದ ಮೇಲೆ ಹೆಚ್ಚುತ್ತದೆ. ಆದರೆ ಒಂದು ಮೈಕ್ರೋಸ್ಟೆಪ್ ಸರಿದಾಗ ಮೋಟರ್ ಹೊರಹಾಕುವ ಹೆಚ್ಚುವರಿ ತಿರುಚುಬಲ ಅದರ ಪೂರ್ಣ ಹಿಡಿತದ ಬಲದ ಒಂದು ಅಂಶ ಮಾತ್ರ: 8 ಮೈಕ್ರೋಸ್ಟೆಪ್‌ನಲ್ಲಿ ನೂರಕ್ಕೆ ಸುಮಾರು 19.5, 16ರಲ್ಲಿ 9.8, 32ರಲ್ಲಿ 4.9. ಸ್ಲೈಡಿನ ಘರ್ಷಣೆ ಇದಕ್ಕಿಂತ ಹೆಚ್ಚಿದ್ದರೆ ಪಲ್ಸ್ ಹೋದರೂ ಶಾಫ್ಟ್ ಕದಲುವುದಿಲ್ಲ. ಎರಡು ಮೂರು ಪಲ್ಸ್‌ಗಳ ಬಲ ಒಟ್ಟಾದ ಮೇಲೆ ಒಮ್ಮೆಲೇ ಹಾರುತ್ತದೆ. ಮೈಕ್ರೋಸ್ಟೆಪ್‌ನಿಂದ ಸದ್ದು ಕಡಿಮೆಯಾಗುತ್ತದೆ, ಚಲನೆ ನುಣುಪಾಗುತ್ತದೆ, ಅದು ನಿಜವಾದ ಲಾಭ. ಅದನ್ನು ಸ್ಥಾನದ ನಿಖರತೆಯೆಂದು ಎಣಿಸಬಾರದು. ಇದಕ್ಕೆ ವೇಗದ ದಂಡವೂ ಉಂಟು. ಆರ್ಡುಯಿನೋ ಮೇಲಿನ ಜಿಆರ್‌ಬಿಎಲ್ ಸೆಕೆಂಡಿಗೆ ಸುಮಾರು 30,000 ಪಲ್ಸ್ ಕೊಡಬಲ್ಲದು. ಮಿ.ಮೀ.ಗೆ 320 ಪಲ್ಸ್ ಇದ್ದಾಗ ಈ ಮಿತಿ ನಿಮಿಷಕ್ಕೆ 5,625 ಮಿ.ಮೀ. ವೇಗ, ಡ್ರೈವನ್ನು 32 ಮೈಕ್ರೋಸ್ಟೆಪ್‌ಗೆ ಬದಲಿಸಿದರೆ ಅದೇ ಯಂತ್ರ 1,406 ಮಿ.ಮೀ.ಗೆ ಇಳಿಯುತ್ತದೆ. ರೌಟರಿಗೆ 8 ಅಥವಾ 16 ಸಾಕು ಎಂಬುದು ನನ್ನ ಅಭಿಪ್ರಾಯ.

ಸರ್ವೋ ಯಂತ್ರದಲ್ಲಿ ಈ ಚಿಂತೆ ಇಲ್ಲವೇ ಇಲ್ಲ ಎನ್ನಬಹುದು. 17 ಬಿಟ್ ಎನ್‌ಕೋಡರ್ ಒಂದು ಸುತ್ತಿಗೆ 1,31,072 ಎಣಿಕೆ ಕೊಡುತ್ತದೆ, 10 ಮಿ.ಮೀ. ಲೀಡಿನ ಸ್ಕ್ರೂ ಮೇಲೆ ಒಂದೊಂದು ಎಣಿಕೆಯೂ ಮೈಕ್ರಾನಿನ (0.001 ಮಿ.ಮೀ.ನ) ಹದಿಮೂರನೆಯ ಒಂದು ಭಾಗಕ್ಕೂ ಹತ್ತಿರ. ಅಲ್ಲಿ ಗಮನಿಸಬೇಕಾದದ್ದು ಗೇರ್ ಅನುಪಾತದ ಪ್ಯಾರಾಮೀಟರುಗಳನ್ನು. ಫಾನುಕ್‌ನಲ್ಲಿ ಅವು 2084 ಮತ್ತು 2085. ಕಂಟ್ರೋಲರಿನ ಸ್ಮೃತಿ ಕಾಯುವ ಬ್ಯಾಟರಿ ಸತ್ತು ಪ್ಯಾರಾಮೀಟರ್ ಮರಳಿ ತುಂಬುವಾಗ ಇವೆರಡರಲ್ಲಿ ಒಂದು ತಪ್ಪಿದರೆ, ಪರದೆ 100.000 ತೋರಿಸುತ್ತಲೇ ಟೇಬಲ್ ಬೇರೊಂದು ದೂರಕ್ಕೆ ಹೋಗಿರುತ್ತದೆ.

ಬಿಂದುವಿನ ಬೆಲೆ

ಫಾನುಕ್ ಕಂಟ್ರೋಲರುಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಐಎಸ್-ಬಿ ವ್ಯವಸ್ಥೆಯ ಕನಿಷ್ಠ ಇನ್‌ಪುಟ್ 0.001 ಮಿ.ಮೀ.; ಐಎಸ್-ಸಿ ವ್ಯವಸ್ಥೆಯಲ್ಲಿ 0.0001. ಪ್ರೋಗ್ರಾಮಿನಲ್ಲಿ ದಶಮಾಂಶ ಬಿಂದು ಇಲ್ಲದೆ ಬರೆದ ಸಂಖ್ಯೆಯನ್ನು ಹೇಗೆ ಓದಬೇಕು ಎಂಬುದನ್ನು 3401ನೇ ಪ್ಯಾರಾಮೀಟರಿನ ಮೊದಲ ಬಿಟ್, ಅಂದರೆ ಸೊನ್ನೆಯನೆಯ ಬಿಟ್, ನಿರ್ಧರಿಸುತ್ತದೆ. ಅದು 0 ಆಗಿದ್ದರೆ 'ಎಕ್ಸ್100' ಎಂದರೆ ನೂರು ಮೈಕ್ರಾನ್, ಅಂದರೆ 0.1 ಮಿ.ಮೀ.; 1 ಆಗಿದ್ದರೆ ನೂರು ಮಿ.ಮೀ. 'ಎಕ್ಸ್100.' ಎಂದು ಕೊನೆಗೊಂದು ಚುಕ್ಕಿ ಇಟ್ಟರೆ ಎರಡೂ ಕಡೆ ನೂರು ಮಿ.ಮೀ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಈ ಪಾಠ ಒಂದು ಎಂಡ್ ಮಿಲ್ಲಿನ (ಕತ್ತರಿಸುವ ಟೂಲಿನ) ಬೆಲೆಗೆ ಸಿಕ್ಕಿತು. ಒಂದು ಯಂತ್ರದಲ್ಲಿ ಸರಿಯಾಗಿ ಓಡಿದ ಪ್ರೋಗ್ರಾಮನ್ನು ಪಕ್ಕದ ಯಂತ್ರಕ್ಕೆ ಹಾಕಿದೆ. ಪಾಕೆಟ್ ಮುಗಿದ ಮೇಲೆ ಟೂಲನ್ನು ಮೇಲೆತ್ತಲು ಬರೆದ ಸಾಲು 'ಝಡ್50' ಎಂದಿತ್ತು, ಚುಕ್ಕಿ ಇರಲಿಲ್ಲ. ಮೊದಲ ಯಂತ್ರ ಅದನ್ನು 50 ಮಿ.ಮೀ. ಎಂದು ಓದುತ್ತಿತ್ತು, ಎರಡನೆಯದು ಜಾಬಿನ ಮೇಲ್ಮೈಯಿಂದ 0.05 ಮಿ.ಮೀ. ಮೇಲೆ ನಿಂತು, ಮುಂದಿನ ಸಾಲಿನ ರ‍್ಯಾಪಿಡ್ ಚಲನೆಯಲ್ಲಿ ನೇರವಾಗಿ ಕ್ಲ್ಯಾಂಪಿಗೆ ನುಗ್ಗಿತು. ಅಂದಿನಿಂದ ಪೂರ್ಣಾಂಕವಾದರೂ ಚುಕ್ಕಿ ಇಡದೆ ಒಂದು ಅಕ್ಷದ ಅಳತೆಯನ್ನೂ ನಾನು ಬರೆದಿಲ್ಲ. ನೀವೂ ಪ್ರತಿ ಯಂತ್ರದ ಈ ಪ್ಯಾರಾಮೀಟರನ್ನು ನೋಡಿ, ಕಂಟ್ರೋಲ್ ಪ್ಯಾನಲಿನ ಮೇಲೆ ಒಂದು ಚೀಟಿ ಅಂಟಿಸಿಡಬೇಕು.

ಇಂಚಿನಲ್ಲಿ ಬಂದ ಡ್ರಾಯಿಂಗುಗಳ ಬಗ್ಗೆ ಒಂದೇ ಮಾತು: ಒಂದು ಇಂಚು ಸರಿಯಾಗಿ 25.4 ಮಿ.ಮೀ., ಅದರಲ್ಲಿ ಅಂದಾಜು ಏನೂ ಇಲ್ಲ. ಆದರೆ ಇಂಚಿನ ನಾಲ್ಕನೆಯ ದಶಮಾಂಶ ಸ್ಥಾನ 2.54 ಮೈಕ್ರಾನ್ ಆಗುವುದರಿಂದ, ಮಿ.ಮೀ.ನ ಮೂರು ಸ್ಥಾನದಷ್ಟು ಸೂಕ್ಷ್ಮತೆ ಅದರಲ್ಲಿ ಇಲ್ಲ. ಮಿ.ಮೀ.ನಲ್ಲಿ ಚಿತ್ರಿಸಿ ಇಂಚಿಗೆ ಬದಲಿಸಿ ಮತ್ತೆ ಮಿ.ಮೀ.ಗೆ ತರುವ ಸುತ್ತಾಟವನ್ನು ತಪ್ಪಿಸಬೇಕು.

ಹನಿಗೂಡಿದ ತಪ್ಪು

500 ಮಿ.ಮೀ. ಉದ್ದದ ಪಟ್ಟಿಯನ್ನು 60 ಸಮಭಾಗ ಮಾಡಿ 61 ರಂಧ್ರ ಕೊರೆಯಬೇಕಾಗಿದೆ ಎಂದುಕೊಳ್ಳೋಣ. ಒಂದು ಭಾಗ 8.3333... ಮಿ.ಮೀ., ಅಂಕಿ ಮುಗಿಯುವುದೇ ಇಲ್ಲ. ಪ್ರೋಗ್ರಾಮನ್ನು ಚಿಕ್ಕದಾಗಿ ಮುಗಿಸುವ ಆಸೆಯಿಂದ ಜಿ91 (ಈಗಿನ ಸ್ಥಾನದಿಂದ ದೂರ ಎಣಿಸುವ ಆಜ್ಞೆ) ಹಾಕಿ, 8.333 ಮಿ.ಮೀ. ಸರಿದು ಕೊರೆಯುವ ಉಪಪ್ರೋಗ್ರಾಮನ್ನು 60 ಸಲ ಕರೆದರೆ, ಕೊನೆಯ ರಂಧ್ರ 500.000ಕ್ಕೆ ಬದಲು 499.980ರಲ್ಲಿ ಬೀಳುತ್ತದೆ. ಯಂತ್ರದ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡಿದೆ. ಮೂಲಬಿಂದುವಿನಿಂದ ದೂರ ಎಣಿಸುವ ಜಿ90ಯಲ್ಲಿ 8.333, 16.667, 25.000 ಎಂದು ಪ್ರತಿ ರಂಧ್ರದ ನಿಜಸ್ಥಾನವನ್ನು ಬರೆದರೆ ಯಾವ ರಂಧ್ರದ ತಪ್ಪೂ ಅರ್ಧ ಮೈಕ್ರಾನನ್ನು ಮೀರುವುದಿಲ್ಲ. ಪ್ರೋಗ್ರಾಮಿನಲ್ಲೇ ಲೆಕ್ಕ ಹಾಕುವ ಮ್ಯಾಕ್ರೋ ಬಳಸುವವರು ಹಿಂದಿನ ಸ್ಥಾನಕ್ಕೆ 8.333 ಕೂಡಿಸುವ ಬದಲು, ರಂಧ್ರದ ಕ್ರಮಸಂಖ್ಯೆಯನ್ನು 500ರಿಂದ ಗುಣಿಸಿ 60ರಿಂದ ಭಾಗಿಸಬೇಕು. ಗುಣಾಕಾರ ಮೊದಲು, ಭಾಗಾಕಾರ ಕೊನೆಗೆ.

ರೋಟರಿ ಟೇಬಲ್ಲಿನಲ್ಲಿ ಇದೇ ತಪ್ಪು ಇನ್ನೂ ಚೆನ್ನಾಗಿ ಅಡಗಿಕೊಳ್ಳುತ್ತದೆ. 37 ಹಲ್ಲಿನ ಗೇರಿಗೆ ಒಂದು ಹಲ್ಲಿನ ಕೋನ 9.729729... ಡಿಗ್ರಿ. ಅದನ್ನು 9.730 ಎಂದು ಬರೆದು 37 ಸಲ ತಿರುಗಿಸಿದರೆ ಒಟ್ಟು 360.01 ಡಿಗ್ರಿ. 40 ಮಿ.ಮೀ. ತ್ರಿಜ್ಯದಲ್ಲಿ ಕೊನೆಯ ಹಲ್ಲು ಸುಮಾರು 7 ಮೈಕ್ರಾನ್ ಸರಿದಿರುತ್ತದೆ. ಒರಟು ಕಟ್ಟಿಂಗ್ ಮುಗಿಸಿ, ಸೊನ್ನೆಗೆ ಮರಳದೆ ಫಿನಿಷ್ ಕಟ್ಟಿಂಗ್ ಆರಂಭಿಸಿದರೆ, ಎರಡನೆಯ ಸುತ್ತು 360.01ರಿಂದಲೇ ಶುರುವಾಗಿ ತಪ್ಪು ದುಪ್ಪಟ್ಟಾಗುತ್ತದೆ.

ಕಂಟ್ರೋಲರಿನ ಒಳಗೂ ಇಂಥದ್ದೇ ಅಪಾಯವಿದೆ, ಆದರೆ ಒಳ್ಳೆಯ ತಂತ್ರಾಂಶ ಅದನ್ನು ತಡೆದಿರುತ್ತದೆ. ಜಿಆರ್‌ಬಿಎಲ್ ಪ್ರತಿ ಗುರಿಯನ್ನೂ ಮೂಲಬಿಂದುವಿನಿಂದ ಲೆಕ್ಕಹಾಕಿ, ಮಿ.ಮೀ.ಗಳನ್ನು ಪಲ್ಸ್‌ಗಳ ಪೂರ್ಣಾಂಕಕ್ಕೆ ಸರಿಹೊಂದಿಸಿ, ಈಗಿನ ಪಲ್ಸ್ ಎಣಿಕೆಯನ್ನು ಅದರಿಂದ ಕಳೆದು ಉಳಿದಷ್ಟನ್ನು ಮಾತ್ರ ಚಲಿಸುತ್ತದೆ. ಹೀಗಾಗಿ ಎಷ್ಟು ಸಾವಿರ ಚಲನೆಗಳಾದರೂ ಈ ಹಂತದ ತಪ್ಪು ಅರ್ಧ ಪಲ್ಸ್‌ಗಿಂತ ಹೆಚ್ಚುವುದಿಲ್ಲ. ಎಡವುವುದು ತಾವೇ ಆರ್ಡುಯಿನೋ ಪ್ರೋಗ್ರಾಮ್ ಬರೆಯುವವರು. ಡ್ರಿಲ್ಲಿಂಗ್ ಜಿಗ್ ಒಂದಕ್ಕೆ 8.333 ಗುಣಿಸು 320 ಎಂದು ಬರೆದು, ಬಂದ 2666.56 ಎಂಬ ಉತ್ತರವನ್ನು ಪೂರ್ಣಾಂಕ ಬೇಡುವ ಚಲನೆಯ ಫಂಕ್ಷನ್ನಿಗೆ ಕೊಟ್ಟರೆ, ಸಿ ಭಾಷೆ ದಶಮಾಂಶ ಭಾಗವನ್ನು ಸರಿಹೊಂದಿಸುವುದಿಲ್ಲ, ಕತ್ತರಿಸಿ ಎಸೆಯುತ್ತದೆ. ಪ್ರತಿ ಸಲ 2666 ಪಲ್ಸ್ ಮಾತ್ರ ಹೋಗಿ, 60 ಚಲನೆಯ ಕೊನೆಗೆ ಟೇಬಲ್ 499.875 ಮಿ.ಮೀ.ನಲ್ಲಿ ನಿಲ್ಲುತ್ತದೆ. 0.125 ಮಿ.ಮೀ. ತಪ್ಪಿಗೆ ಜನ ಸ್ಕ್ರೂವನ್ನು ಬೈಯುತ್ತಾರೆ, ಕಪ್ಲಿಂಗ್ ಬಿಗಿ ಮಾಡುತ್ತಾರೆ.

ಅದೇ ಬೋರ್ಡಿನ ದಶಮಾಂಶ ಸಂಖ್ಯೆಗಳ ಮಿತಿಯೂ ತಿಳಿದಿರಬೇಕು. ಆರ್ಡುಯಿನೋ ಉನೋದ ಕಂಪೈಲರ್ 'ಡಬಲ್' ಎಂದು ಬರೆದರೂ 32 ಬಿಟ್ಟಿನ 'ಫ್ಲೋಟ್' ಅನ್ನೇ ಕೊಡುತ್ತದೆ. ಅದರಲ್ಲಿ ನಂಬಬಹುದಾದ ಅಂಕಿಗಳು ಒಟ್ಟಾರೆ ಸುಮಾರು ಏಳು, ದಶಮಾಂಶ ಬಿಂದುವಿನ ಹಿಂದಿನವನ್ನೂ ಸೇರಿಸಿ. 100 ಮಿ.ಮೀ. ಆಸುಪಾಸಿನಲ್ಲಿ ಪಕ್ಕಪಕ್ಕದ ಎರಡು ಫ್ಲೋಟ್ ಸಂಖ್ಯೆಗಳ ನಡುವಿನ ಅಂತರ 0.0000076 ಮಿ.ಮೀ., 1000ದ ಹತ್ತಿರ 0.00006. ಸ್ಥಾನವನ್ನು ಬರೆದಿಡಲು ಇದು ಧಾರಾಳ. ಕೆಡುವುದು ಮತ್ತೆ ಮತ್ತೆ ಕೂಡಿಸಿದಾಗ. 0.1 ಎಂಬ ಸಂಖ್ಯೆ ದ್ವಿಮಾನದಲ್ಲಿ ಎಂದಿಗೂ ಮುಗಿಯದು, ದಶಮಾನದಲ್ಲಿ ಮೂರನೆಯ ಒಂದು ಭಾಗ ಮುಗಿಯದ ಹಾಗೆ. ಫ್ಲೋಟ್‌ನಲ್ಲಿ 0.1 ಅನ್ನು ಹತ್ತು ಸಾವಿರ ಸಲ ಕೂಡಿಸಿದರೆ 1000ಕ್ಕೆ ಬದಲು ಸುಮಾರು 999.903 ಬರುತ್ತದೆ, ಹತ್ತು ಸಾವಿರ ಪುಟ್ಟ ತಪ್ಪುಗಳು ಸೇರಿ ಒಂದು ಮಿ.ಮೀ.ನ ಹತ್ತನೆಯ ಒಂದು ಭಾಗವನ್ನು ನುಂಗಿವೆ. ಪರಿಹಾರ ಸರಳ: ಸ್ಥಾನದ ಲೆಕ್ಕವನ್ನು ಪಲ್ಸ್‌ಗಳ ಪೂರ್ಣಾಂಕದಲ್ಲಿ ಇಟ್ಟುಕೊಳ್ಳಬೇಕು, ಮಿ.ಮೀ. ಬೇಕಾದಾಗ ಮಾತ್ರ ಭಾಗಿಸಿ ತೋರಿಸಬೇಕು. ಲಿನಕ್ಸ್‌ಸಿಎನ್‌ಸಿ ಬಳಸುವವರಿಗೆ 64 ಬಿಟ್ಟಿನ ಸಂಖ್ಯೆಗಳಿದ್ದು ಹದಿನೈದು ಅಂಕಿಗಳ ಭರವಸೆ ಇರುವುದರಿಂದ ಈ ತಲೆನೋವು ಇಲ್ಲ.

ಅರ್ಧವೃತ್ತದ ಮೋಸ

ಜಿ02, ಜಿ03 (ಬಲಸುತ್ತು, ಎಡಸುತ್ತು) ಕಮಾನುಗಳನ್ನು ಬರೆಯಲು ಎರಡು ದಾರಿಗಳಿವೆ: ತ್ರಿಜ್ಯವನ್ನು ಆರ್ ಎಂದು ಕೊಡುವುದು, ಅಥವಾ ಕೇಂದ್ರ ಎಲ್ಲಿದೆ ಎಂದು ಐ, ಜೆ ಮೂಲಕ ಹೇಳುವುದು. ಆರ್ ಬರೆಯುವುದು ಸುಲಭ, ಡ್ರಾಯಿಂಗಿನಿಂದ ನೇರವಾಗಿ ಎತ್ತಿ ಬರೆಯಬಹುದು. ಆದರೆ ಆಗ ಕೇಂದ್ರವನ್ನು ಕಂಟ್ರೋಲರ್ ತಾನೇ ಹುಡುಕಬೇಕು, ಹುಡುಕುವ ಸೂತ್ರದಲ್ಲಿ ತ್ರಿಜ್ಯದ ವರ್ಗದಿಂದ ಅರ್ಧಜ್ಯಾದ (ಎರಡು ತುದಿಗಳ ನಡುವಿನ ದೂರದ ಅರ್ಧದ) ವರ್ಗವನ್ನು ಕಳೆದು ವರ್ಗಮೂಲ ತೆಗೆಯಬೇಕಾಗುತ್ತದೆ.

10 ಮಿ.ಮೀ. ತ್ರಿಜ್ಯದ ಅರ್ಧವೃತ್ತ ಎಂದುಕೊಳ್ಳಿ. ಎರಡು ತುದಿಗಳ ನಡುವಿನ ದೂರ 20.000 ಇದ್ದರೆ 100ರಿಂದ 100 ಕಳೆದು ಸೊನ್ನೆ, ಕೇಂದ್ರ ಸರಿಯಾಗಿ ನಡುವೆ. ತುದಿಯ ಅಳತೆಗಳನ್ನು ಸರಿಹೊಂದಿಸುವಾಗ ಆ ದೂರ 19.999 ಆಯಿತೆಂದರೆ, ಅರ್ಧ 9.9995, ಅದರ ವರ್ಗ 99.99, ವ್ಯತ್ಯಾಸ 0.01, ಅದರ ವರ್ಗಮೂಲ 0.1. ಒಂದೇ ಒಂದು ಮೈಕ್ರಾನಿನ ವ್ಯತ್ಯಾಸಕ್ಕೆ ಕೇಂದ್ರ 0.1 ಮಿ.ಮೀ. ಸರಿಯಿತು, ಕಮಾನಿನ ನೆತ್ತಿಯೂ ಅದರ ಜೊತೆಗೆ ಅಷ್ಟೇ ಸರಿಯಿತು. ದೂರ 20.001 ಆಗಿದ್ದರೆ ಋಣಸಂಖ್ಯೆಯ ವರ್ಗಮೂಲ ತೆಗೆಯಬೇಕಾಗಿ ಬಂದು, ಕಂಟ್ರೋಲರ್ ತನ್ನ ಸಹನೆಯ ಮಿತಿಯೊಳಗೆ ಹೇಗೋ ಹೊಂದಿಸಿಕೊಳ್ಳುತ್ತದೆ, ಇಲ್ಲವೇ ಅಲಾರಂ ಕೊಟ್ಟು ನಿಲ್ಲುತ್ತದೆ. ಕಾಲುವೃತ್ತದಲ್ಲಿ ಅದೇ ಒಂದು ಮೈಕ್ರಾನ್ ಕೇಂದ್ರವನ್ನು ಸರಿಸುವುದು ಅರ್ಧ ಮೈಕ್ರಾನ್ ಮಾತ್ರ. ಆದ್ದರಿಂದ ಕೈಯಿಂದ ಬರೆಯುವ ಪ್ರೋಗ್ರಾಮಿನಲ್ಲಿ ಕಾಲುವೃತ್ತದವರೆಗೆ ಆರ್ ಬಳಸಬಹುದು. ಅರ್ಧವೃತ್ತವಿದ್ದರೆ ಐ, ಜೆ ಬಳಸಬೇಕು, ಅಥವಾ ಎರಡು ಕಾಲುವೃತ್ತಗಳಾಗಿ ಒಡೆಯಬೇಕು. ಪೂರ್ಣವೃತ್ತಕ್ಕೆ ಐ, ಜೆ ಬಿಟ್ಟರೆ ಬೇರೆ ದಾರಿ ಇಲ್ಲ.

ಐ, ಜೆ ಬಳಸಿದಾಗ ಆರಂಭದ ತ್ರಿಜ್ಯಕ್ಕೂ ಕೊನೆಯ ತ್ರಿಜ್ಯಕ್ಕೂ ತಾಳೆಯಾಗಬೇಕು. ಜಿಆರ್‌ಬಿಎಲ್‌ನಲ್ಲಿ ಎರಡರ ವ್ಯತ್ಯಾಸ 0.005 ಮಿ.ಮೀ. ಮೀರಿ, ಜೊತೆಗೆ ತ್ರಿಜ್ಯದ ಸಾವಿರದಲ್ಲೊಂದು ಭಾಗವನ್ನೂ ಮೀರಿದರೆ 33ನೇ ದೋಷ ಬಂದು ಕೆಲಸ ನಿಲ್ಲುತ್ತದೆ. ಹಾಗೆ ನಿಂತಾಗ ಯಂತ್ರವನ್ನು ಬಿಚ್ಚುವ ಮೊದಲು ಪ್ರೋಗ್ರಾಮ್ ಫೈಲನ್ನು ತೆರೆದು ನೋಡಿ. ಬಹಳಷ್ಟು ಸಲ ವಿನ್ಯಾಸದಿಂದ ಪ್ರೋಗ್ರಾಮ್ ತಯಾರಿಸುವ ತಂತ್ರಾಂಶದ ಕೊನೆಯ ಹಂತವಾದ ಪೋಸ್ಟ್ ಪ್ರೊಸೆಸರ್ ದಶಮಾಂಶದ ಎರಡೇ ಸ್ಥಾನ ಬರೆದಿರುತ್ತದೆ. ಅದನ್ನು ನಾಲ್ಕಕ್ಕೆ ಏರಿಸಿದರೆ ದೋಷ ಮಾಯ.

ಹಾಗೆ ಪ್ರೋಗ್ರಾಮ್ ತಯಾರಿಸುವ ಕ್ಯಾಮ್ ತಂತ್ರಾಂಶ ಬಾಗಿದ ಮೇಲ್ಮೈಯನ್ನು ಸಣ್ಣ ಸಣ್ಣ ಸರಳರೇಖೆಗಳಾಗಿ ಒಡೆಯುವಾಗಲೂ ಈ ಸ್ಥಾನಗಳ ಸಂಖ್ಯೆ ಮುಖ್ಯ. ತ್ರಿಜ್ಯವನ್ನು 8ರಿಂದಲೂ ನೀವು ಕೊಟ್ಟ ತಪ್ಪಿನ ಮಿತಿ, ಅಂದರೆ ಟಾಲರೆನ್ಸ್‌ನಿಂದಲೂ ಗುಣಿಸಿ ವರ್ಗಮೂಲ ತೆಗೆದರೆ ಒಂದು ತುಂಡಿನ ಉದ್ದ ಸಿಗುತ್ತದೆ. 50 ಮಿ.ಮೀ. ತ್ರಿಜ್ಯಕ್ಕೆ 0.01 ಟಾಲರೆನ್ಸ್ ಕೊಟ್ಟರೆ 2 ಮಿ.ಮೀ. ತುಂಡುಗಳು, 0.001 ಕೊಟ್ಟರೆ 0.63 ಮಿ.ಮೀ. ನಿಮಿಷಕ್ಕೆ 3,000 ಮಿ.ಮೀ. ಫೀಡಿನಲ್ಲಿ ಎರಡನೆಯದಕ್ಕೆ ಸೆಕೆಂಡಿಗೆ ಸುಮಾರು 79 ಸಾಲುಗಳನ್ನು ಕಂಟ್ರೋಲರ್ ಓದಿ ಜೀರ್ಣಿಸಿಕೊಳ್ಳಬೇಕು. ಆಗದಿದ್ದರೆ ಟೂಲ್ ತಡವರಿಸುತ್ತದೆ, ಜಾಬಿನ ಮೇಲೆ ಗುರುತು ಬೀಳುತ್ತದೆ. ತುಂಡುಗಳು 0.05 ಮಿ.ಮೀ.ಗೆ ಇಳಿದಾಗ ಎರಡು ಸ್ಥಾನಗಳಲ್ಲಿ ಬರೆದ ಅಳತೆ ಒಂದೊಂದು ತುಂಡಿನ ದಿಕ್ಕನ್ನು 11 ಡಿಗ್ರಿಯವರೆಗೂ ತಿರುಚಬಲ್ಲದು. ಮೂರು ಸ್ಥಾನದಲ್ಲಿ ಅದು ಒಂದು ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಅಳತೆ ಸರಿಯಿದ್ದೂ ಅಚ್ಚಿನ ಮೇಲ್ಮೈ ಒರಟಾಗಿ ಬಂದರೆ ಇಲ್ಲಿ ಹುಡುಕಬೇಕು.

ಡಯಲ್ ಇಟ್ಟು ಕೇಳುವುದು

ಇಲ್ಲಿಯವರೆಗಿನದು ಕಾಗದದ ಕೆಲಸ. ಇನ್ನು ಯಂತ್ರವನ್ನೇ ಕೇಳಬೇಕು. ಅದಕ್ಕೆ 0.001 ಮಿ.ಮೀ. ಓದುವ ಲಿವರ್ ಡಯಲ್ ಒಂದು ಬೇಕು, ಮ್ಯಾಗ್ನೆಟಿಕ್ ಸ್ಟ್ಯಾಂಡ್ ಸ್ಪಿಂಡಲ್ ಹೆಡ್ಡಿನ ಮೇಲೆ, ಡಯಲಿನ ಮೂಗು ಟೇಬಲ್ ಮೇಲೆ ಬಿಗಿದ ನುಣುಪಾದ ಬ್ಲಾಕಿಗೆ ತಾಗಿರಬೇಕು. ಯಂತ್ರವನ್ನು ಅರ್ಧ ಗಂಟೆಯಾದರೂ ಓಡಿಸಿ ಬಿಸಿಯಾದ ಮೇಲೆಯೇ ಅಳೆಯಿರಿ: ಉಕ್ಕು ಮೀಟರಿಗೆ ಒಂದು ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುವುದರಿಂದ, 500 ಮಿ.ಮೀ. ಸ್ಕ್ರೂ 5 ಡಿಗ್ರಿ ಬಿಸಿಯಾದರೆ 29 ಮೈಕ್ರಾನ್ ಉದ್ದವಾಗುತ್ತದೆ. ಅಳತೆಗಳಿಗೆಲ್ಲ ಮೂಲವಾದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಬೇಸಿಗೆಯ ಮಧ್ಯಾಹ್ನ 33 ಡಿಗ್ರಿಯ ಶೆಡ್ಡಿನಲ್ಲಿ 300 ಮಿ.ಮೀ. ಅಲ್ಯೂಮಿನಿಯಂ ಫಲಕ ಆಗಲೇ 0.09 ಮಿ.ಮೀ. ಹಿಗ್ಗಿ ಕೂತಿರುತ್ತದೆ.

ಮೊದಲ ಪರೀಕ್ಷೆ ಅತಿ ಸಣ್ಣ ಚಲನೆಯದು. ಒಂದೇ ದಿಕ್ಕಿನಿಂದ ಬಂದು ನಿಂತು ಡಯಲನ್ನೂ ಸ್ಥಾನವನ್ನೂ ಸೊನ್ನೆ ಮಾಡಿ, ಅದೇ ದಿಕ್ಕಿನಲ್ಲಿ ಮುಂದುವರಿದು ಎಕ್ಸ್ 0.001, 0.002 ಎಂದು 0.010ರವರೆಗೆ ಒಂದೊಂದಾಗಿ ಆಜ್ಞೆ ಕೊಡಬೇಕು. 0.003125 ಮಿ.ಮೀ. ಹೆಜ್ಜೆಯ ನಮ್ಮ ರೌಟರ್ ಆರೋಗ್ಯವಾಗಿದ್ದರೆ ಮೊದಲ ಆಜ್ಞೆಗೆ ಅಲುಗುವುದಿಲ್ಲ, ಏಕೆಂದರೆ ಅದು ಅರ್ಧ ಪಲ್ಸ್‌ಗೂ ಕಡಿಮೆ. ಎರಡನೆಯದಕ್ಕೆ, ಐದನೆಯದಕ್ಕೆ, ಎಂಟನೆಯದಕ್ಕೆ ಮಾತ್ರ ಒಂದೊಂದು ಪಲ್ಸ್ ಹೋಗಿ ಮುಳ್ಳು ಮೂರು ಮೂರು ಮೈಕ್ರಾನ್ ಜಿಗಿಯಬೇಕು. ಎರಡಕ್ಕೂ ಐದಕ್ಕೂ ಮುಳ್ಳು ಸುಮ್ಮನಿದ್ದು, ಎಂಟಕ್ಕೆ ಒಮ್ಮೆಲೇ ಒಂಬತ್ತು ಮೈಕ್ರಾನ್ ಹಾರಿದರೆ, ನಿಮ್ಮ ಯಂತ್ರದ ನಿಜವಾದ ರೆಸಲ್ಯೂಷನ್ ಮೂರಲ್ಲ, ಒಂಬತ್ತು. ಸ್ಲೈಡಿನ ಸಡಿಲ ಹೊಂದಿಸುವ ಗಿಬ್ ಪಟ್ಟಿ ಅತಿಯಾಗಿ ಬಿಗಿದಿದೆಯೇ, ಸ್ಲೈಡಿಗೆ ಎಣ್ಣೆ ಹೋಗುತ್ತಿದೆಯೇ, ಸ್ಕ್ರೂ ನಟ್ಟು ಓರೆಯಾಗಿ ಹಿಡಿದಿದೆಯೇ ಎಂದು ನೋಡಬೇಕು. ವಿಎಂಸಿಯಲ್ಲಿ ಹ್ಯಾಂಡ್‌ವೀಲನ್ನು ಒಂದರ ಗುಣಕಕ್ಕೆ ಇಟ್ಟು ಹತ್ತು ಕ್ಲಿಕ್ ತಿರುಗಿಸಿ ಇದನ್ನೇ ಮಾಡಬಹುದು.

ಎರಡನೆಯದು ಬ್ಯಾಕ್‌ಲ್ಯಾಶ್. ದಿಕ್ಕು ಬದಲಿಸಿದಾಗ ಸ್ಕ್ರೂ ತಿರುಗಿದರೂ ಟೇಬಲ್ ಕದಲದೆ ಉಳಿಯುವ ಸಡಿಲವಿದು. ಅದೇ ದಿಕ್ಕಿನಲ್ಲಿ ಇನ್ನೂ 0.1 ಮಿ.ಮೀ. ಹೋಗಿ, 0.1 ಹಿಂದಕ್ಕೆ ಬನ್ನಿ. ಮುಳ್ಳು ಹೊರಟ ಜಾಗಕ್ಕೆ ಎಷ್ಟು ಕೊರತೆಯಾಗಿ ನಿಂತಿತೋ ಅಷ್ಟು ಸಡಿಲವಿದೆ. ಟೇಬಲ್ಲಿನ ಎರಡು ಅಂಚಿನಲ್ಲೂ ನಡುವೆಯೂ, ಒಂದೊಂದು ಕಡೆ ಐದು ಸಲ ಅಳೆದು ಬರೆದುಕೊಳ್ಳಿ. ಹೆಚ್ಚು ಓಡಾಡಿದ ನಡುಭಾಗದಲ್ಲಿ ಸ್ಕ್ರೂ ಸವೆದು ಅಲ್ಲಿ ಅಂಕಿ ದೊಡ್ಡದಿರುವುದು ಹಳೆಯ ಯಂತ್ರಗಳಲ್ಲಿ ಸಾಮಾನ್ಯ. ಐದು ಅಂಕಿಗಳು ಒಂದಕ್ಕೊಂದು ಹತ್ತಿರವಿದ್ದರೆ ಮಾತ್ರ ಪರಿಹಾರದ ಸಂಖ್ಯೆ ತುಂಬುವುದರಲ್ಲಿ ಅರ್ಥವಿದೆ. ಅಂಕಿಗಳು ಚದುರಿದ್ದರೆ ಬೇರಿಂಗ್ ಅಥವಾ ಕಪ್ಲಿಂಗ್ ಸಡಿಲವಾಗಿದೆ, ಅದನ್ನು ಸ್ಪ್ಯಾನರ್ ಹಿಡಿದು ಸರಿಪಡಿಸಬೇಕೇ ಹೊರತು ಪ್ಯಾರಾಮೀಟರ್ ಹಿಡಿದಲ್ಲ. ಫಾನುಕ್‌ನಲ್ಲಿ ಈ ಸಂಖ್ಯೆಯನ್ನು 1851ನೇ ಪ್ಯಾರಾಮೀಟರಿನಲ್ಲಿ ತುಂಬುತ್ತಾರೆ. ಜಿಆರ್‌ಬಿಎಲ್‌ನ ಮೂಲ ಆವೃತ್ತಿಯಲ್ಲಿ ಈ ಸೌಲಭ್ಯವೇ ಇಲ್ಲ, ಹಾಗಾಗಿ ಅಲ್ಲಿ ಮುಖ್ಯವಾದ ರಂಧ್ರಗಳಿಗೆಲ್ಲ ಒಂದೇ ದಿಕ್ಕಿನಿಂದ ಬಂದು ನಿಲ್ಲುವಂತೆ ಪ್ರೋಗ್ರಾಮ್ ಬರೆಯಬೇಕು. ಪರಿಹಾರ ತುಂಬಿದರೂ ಸಡಿಲ ಇದ್ದೇ ಇರುತ್ತದೆ ಎಂಬುದನ್ನು ಮರೆಯಬಾರದು. ಕ್ಲೈಂಬ್ ಮಿಲ್ಲಿಂಗ್‌ನಲ್ಲಿ ಕಟರಿನ ಹಲ್ಲು ಫೀಡಿನ ದಿಕ್ಕಿನಲ್ಲೇ ಕತ್ತರಿಸುತ್ತ ಟೇಬಲ್ಲನ್ನು ತನ್ನತ್ತ ಎಳೆದಾಗ ಆ ಸಡಿಲದಷ್ಟು ಟೇಬಲ್ ಹಾರಿಯೇ ಹಾರುತ್ತದೆ.

ಸಂಖ್ಯೆ ತುಂಬಿದ ಮೇಲೆ ಡಯಲನ್ನು ತೆಗೆಯದೆ ಅದೇ ಎರಡು ಪರೀಕ್ಷೆಗಳನ್ನು ಮತ್ತೆ ಮಾಡಿ. ಬಂದ ಅಂಕಿಗಳನ್ನು ಜಾಬಿನ ಡ್ರಾಯಿಂಗಿನ ಪಕ್ಕದಲ್ಲಿಟ್ಟು ನೋಡಿ: ಅಲ್ಲಿ ±0.05 ಎಂದಿದ್ದು, ಯಂತ್ರ 0.01ರ ಒಳಗೆ ನಿಲ್ಲುತ್ತಿದ್ದರೆ ಡಯಲನ್ನು ಡಬ್ಬಿಗೆ ಹಾಕಿ ಕೆಲಸ ಶುರುಮಾಡಬಹುದು.